ಮೂಳೆಯೊಳಗೆ ದಿಕ್ಕು ತಪ್ಪುವ ಟಿ ಕೋಶಗಳು

ರೋಗದ ವಿರುದ್ಧ ಹೋರಾಡುವ ನಮ್ಮ ಟಿ ಕೋಶಗಳಿಗೆ ದೇಹವೇ ಕೆಲವು ತಡೆಗಳನ್ನು ಇಟ್ಟಿದೆ. ಇಲ್ಲದಿದ್ದರೆ ಅವು ನಮ್ಮ ಅಂಗಾಂಗಗಳ ಮೇಲೇ ತಿರುಗಿಬಿದ್ದಾವು. ಸಿಟಿಎಲ್‌ಎ-4 ಎಂಬ ತಡೆಯನ್ನು ತೆರವು ಮಾಡಿದರೆ ಟಿ ಕೋಶಗಳು ಕ್ಯಾನ್ಸರ್ ಗಡ್ಡೆಯನ್ನು ಕರಗಿಸಬಲ್ಲವು ಎಂದು 1996ರಲ್ಲಿ ಇಲಿಗಳಲ್ಲಿ ತೋರಿಸಿದವರು ಜೇಮ್ಸ್ ಆಲಿಸನ್. 2018ರ ನೊಬೆಲ್ ಪ್ರಶಸ್ತಿಯನ್ನು ಅವರು ತಸುಕು ಹೊಂಜೊ ಅವರೊಂದಿಗೆ ಹಂಚಿಕೊಂಡರು. ಈ ಶೋಧದಿಂದ ಹುಟ್ಟಿದ ಇಪಿಲಿಮುಮ್ಯಾಬ್ ಔಷಧಿ ಮೆಲನೋಮ ಎಂಬ ಚರ್ಮದ ಕ್ಯಾನ್ಸರಿನ ಎಷ್ಟೋ ರೋಗಿಗಳನ್ನು ವರ್ಷಗಟ್ಟಲೆ ಬದುಕಿಸಿತು. ಆದರೆ ಆಲಿಸನ್ ಅವರ ಸಹೋದರರೊಬ್ಬರನ್ನೇ ಬಲಿ ತೆಗೆದುಕೊಂಡ ಪ್ರಾಸ್ಟೇಟ್ ಕ್ಯಾನ್ಸರಿನಲ್ಲಿ ಅದು ಬಹುಪಾಲು ಕೈಕೊಟ್ಟಿತು.

ಏಕೆ? ಟಿ ಕೋಶ ಶತ್ರುವನ್ನು ಗುರುತಿಸುವುದು ಅದರ ಮೈಮೇಲಿನ ಅಪರಿಚಿತ ಪ್ರೋಟೀನ್ ತುಣುಕುಗಳಿಂದ. ಪ್ರಾಸ್ಟೇಟ್ ಕ್ಯಾನ್ಸರಿನಲ್ಲಿ ಜೀನ್ ಬದಲಾವಣೆಗಳು ಕಡಿಮೆ, ಹಾಗಾಗಿ ಅಂಥ ತುಣುಕುಗಳೂ ಕಡಿಮೆ. ಅವನ್ನು ಹೊರಗೆ ತೋರಿಸುವ ಅಣುಗಳನ್ನೂ ಎಷ್ಟೋ ಗಡ್ಡೆಗಳು ತಗ್ಗಿಸಿಬಿಡುತ್ತವೆ. ಗಡ್ಡೆಯೊಳಗೆ ಟಿ ಕೋಶಗಳೇ ವಿರಳ.

ನನ್ನನ್ನು ಹೆಚ್ಚು ಕಾಡಿದ್ದು ಮೂಳೆಯಲ್ಲಿ ನಡೆಯುವ ಸಂಗತಿ. ಈ ಕ್ಯಾನ್ಸರ್ ಹರಡಿದಾಗ ಹೆಚ್ಚಾಗಿ ಸೇರುವುದು ಬೆನ್ನುಮೂಳೆ, ಸೊಂಟದ ಮೂಳೆಗಳನ್ನು. ಅಲ್ಲಿ ಅದು ಮೂಳೆ ಕರಗಿಸುವ ಕೋಶಗಳನ್ನು ಕೆರಳಿಸುತ್ತದೆ. ಆ ಕೋಶಗಳು ಆಮ್ಲ ಸುರಿದು, ಕಿಣ್ವಗಳಿಂದ ಮೂಳೆಯನ್ನು ಕರಗಿಸುತ್ತ ಹೋದಂತೆ, ಅದರೊಳಗೆ ಹುದುಗಿದ್ದ ಟಿಜಿಎಫ್-ಬೀಟಾ ಎಂಬ ಪ್ರೋಟೀನ್ ಬಿಡುಗಡೆಯಾಗುತ್ತದೆ. ಹ್ಯೂಸ್ಟನ್ನಿನಲ್ಲಿ ಪದ್ಮನೀ ಶರ್ಮಾ ಅವರ ತಂಡ 2019ರಲ್ಲಿ ಪ್ರಕಟಿಸಿದ ಅಧ್ಯಯನ ಇದರ ಪರಿಣಾಮವನ್ನು ಬಿಡಿಸಿಟ್ಟಿತು. ಇಪಿಲಿಮುಮ್ಯಾಬ್ ಪಡೆದ ರೋಗಿಗಳ ಮೂಳೆಮಜ್ಜೆಯಲ್ಲಿ ಟಿ ಕೋಶಗಳೇನೋ ಹೆಚ್ಚಿದ್ದವು. ಆದರೆ ಕ್ಯಾನ್ಸರ್ ವಿರುದ್ಧ ಹೋರಾಡುವ ಟಿಎಚ್1 ಬಗೆಯವಾಗಿ ಬೆಳೆಯುವ ಬದಲು ಅವು ಟಿಎಚ್17 ಎಂಬ ಬೇರೆ ಬಗೆಯವಾಗಿ ಮಾರ್ಪಟ್ಟಿದ್ದವು. ಇಲಿಗಳಲ್ಲಿ ಸಿಟಿಎಲ್‌ಎ-4 ಜೊತೆಗೆ ಟಿಜಿಎಫ್-ಬೀಟಾವನ್ನೂ ತಡೆದಾಗ ಟಿಎಚ್1 ಕೋಶಗಳು ಹೆಚ್ಚಿ, ಮೂಳೆಯ ಗಡ್ಡೆ ಕುಗ್ಗಿತು. ಅಂದರೆ ಕೊರತೆ ಬರಿಯ ಔಷಧಿಯದಲ್ಲ, ಗಡ್ಡೆ ನೆಲೆಸಿದ ಜಾಗದ್ದೂ ಹೌದು. ಹೀಗಿರುವಾಗ ಎಲ್ಲ ಕ್ಯಾನ್ಸರಿಗೂ ಒಂದೇ ಮದ್ದು ಎಂದು ಕಾಯುವುದು ನನಗೆ ಸರಿಕಾಣುವುದಿಲ್ಲ.

ಇನ್ನೊಂದು ಮಾತು. ಕೆಲವೇ ರೋಗಿಗಳ ಗಡ್ಡೆಯಲ್ಲಿ ಡಿಎನ್‌ಎ ತಪ್ಪುಗಳನ್ನು ತಿದ್ದುವ ಜೀನ್‌ಗಳೇ ಕೆಟ್ಟಿರುತ್ತವೆ. ಆಗ ಬದಲಾವಣೆಗಳು ರಾಶಿ ಬೀಳುತ್ತವೆ, ಟಿ ಕೋಶಗಳಿಗೆ ಗುರಿ ಸಿಗುತ್ತದೆ. ಇಂಥ ಗಡ್ಡೆ ಯಾವ ಅಂಗದಲ್ಲಿದ್ದರೂ ಟಿ ಕೋಶಗಳ ತಡೆಯನ್ನೇ ತೆರವು ಮಾಡುವ ಪೆಂಬ್ರೋಲಿಜುಮ್ಯಾಬ್ ಔಷಧಿಯನ್ನು ಕೊಡಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2017ರಲ್ಲಿ ಒಪ್ಪಿತು. ನಿಮ್ಮ ಮನೆಯಲ್ಲಿ ಯಾರಿಗಾದರೂ ಕ್ಯಾನ್ಸರ್ ಹರಡಿದ್ದರೆ, ಬಯಾಪ್ಸಿ ಮಾದರಿಯಲ್ಲಿ ಈ ಜೀನ್‌ಗಳು ಕೆಟ್ಟಿವೆಯೇ ಎಂಬ ಪರೀಕ್ಷೆ ಆಗಿದೆಯೇ ಎಂದು ಕ್ಯಾನ್ಸರ್ ವೈದ್ಯರನ್ನು ದಯವಿಟ್ಟು ಕೇಳಿ.