ಇಲಿ ಜ್ವರ: ಕಿಡ್ನಿಯ ಸುದ್ದಿ ರಕ್ತ ಮೊದಲೇ ಹೇಳುತ್ತದೆ

(ಖಾನಾಪುರದಲ್ಲಿ ನಡೆದ ಸ್ವಸಹಾಯ ಸಂಘಗಳ ಸಭೆಯಲ್ಲಿ ಮಾಡಿದ ಭಾಷಣ)



ಇವತ್ತು ಸಾಲ, ಉಳಿತಾಯದ ಮಾತು ಬೇಡ, ಜ್ವರದ ಮಾತು ಆಡೋಣ. ಒಂದು ಮಳೆಗಾಲದಲ್ಲಿ ನಮ್ಮ ಸಂಘದ ಸದಸ್ಯೆಯೊಬ್ಬಳು ಫೋನ್ ಮಾಡಿ, "ಸಿಸ್ಟರ್, ನಾಟಿ ಹಚ್ಚಿ ಬಂದ ಮ್ಯಾಲೆ ಜ್ವರ ಬಂದೈತ್ರಿ, ಕಾಲ ಭಾಳ ನೋಯ್ತಾವ್ರಿ" ಅಂದಳು. "ಎರಡು ದಿನ ವಿಶ್ರಾಂತಿ ತಗೋ, ಹೋಗ್ತದ" ಅಂದೆ. ಅದು ನನ್ನ ತಪ್ಪು. ಆಕೆ ಮೂರು ದಿನ ಮೈನೋವಿನ ಇಂಜೆಕ್ಷನ್ ಮಾಡಿಸಿಕೊಂಡಳು. ಬೆಳಗಾವಿಗೆ ಕರೆದೊಯ್ದಾಗ ಕಣ್ಣು ಕೆಂಪಾಗಿತ್ತು, ಒಂದಕ್ಕೆ ಹೋಗುವುದು ನಿಂತಿತ್ತು. ಡಯಾಲಿಸಿಸ್ ಮಾಡಿ ಜೀವ ಉಳಿಸಿದರು. ಆದರೆ ಆ ಸುಗ್ಗಿಯ ದುಡಿಮೆಯೆಲ್ಲ ಸಾಲಕ್ಕೆ ಹೋಯಿತು.

ಇದೇ ಇಲಿ ಜ್ವರ, ಡಾಕ್ಟರ್‌ಗಳ ಮಾತಿನಲ್ಲಿ ಲೆಪ್ಟೊಸ್ಪೈರೋಸಿಸ್. ಇಲಿ, ದನ, ನಾಯಿಗಳ ಮೂತ್ರದಲ್ಲಿ ಇದರ ರೋಗಾಣು ಇರುತ್ತದೆ. ಗದ್ದೆಯ ನೀರು, ಕೊಟ್ಟಿಗೆಯ ಕೆಸರಿನ ಮೂಲಕ ಕಾಲಿನ ಗಾಯ, ಬಿರುಕಿನಿಂದ ಮೈಯೊಳಗೆ ಸೇರುತ್ತದೆ. ಕಣಕುಂಬಿಯಿಂದ ಕೆಳಗೆ ಮಳೆ ಸುರಿಯುವ ನಮ್ಮ ತಾಲೂಕಿನಲ್ಲಿ ದಿನವಿಡೀ ಕೆಸರಿನಲ್ಲಿ ನಿಲ್ಲುವವರು ಹೆಣ್ಣುಮಕ್ಕಳೇ ಅಲ್ಲವೇ?

ಇಲಿಗಳಿಂದ ಬರುವ ಹಂಟಾ ವೈರಸ್ ಎಂಬ ಇನ್ನೊಂದು ಜ್ವರವೂ ಇದೆ. ಕೊರಿಯಾದ ಹಂಟಾನ್ ನದಿಯಿಂದ ಅದಕ್ಕೆ ಆ ಹೆಸರು. ಅದೂ ಕಿಡ್ನಿಗೇ ಪೆಟ್ಟು ಕೊಡುತ್ತದೆ. ಪ್ಲೇಟ್‌ಲೆಟ್ ಬಹಳ ಇಳಿದವರಲ್ಲಿ ಕಿಡ್ನಿಯ ತೊಂದರೆ ಹೆಚ್ಚು ಎಂದು ಆ ರೋಗದಲ್ಲಿ ಡಾಕ್ಟರ್‌ಗಳು ಕಂಡುಕೊಂಡಿದ್ದಾರೆ. ಇಲಿ ಜ್ವರದಲ್ಲಿಯೂ ಪ್ಲೇಟ್‌ಲೆಟ್ ಇಳಿಯುವುದು ಎಚ್ಚರಿಕೆಯ ಗಂಟೆ. ಸಾಮಾನ್ಯವಾಗಿ ಅದು ಒಂದೂವರೆ ಲಕ್ಷಕ್ಕಿಂತ ಮೇಲಿರಬೇಕು. ಇಳಿದರೆ "ಡೆಂಗೀನ ಇರಬೇಕು" ಎಂದು ಅಷ್ಟಕ್ಕೇ ಬಿಡಬೇಡಿರಿ. ಕಿಡ್ನಿಯನ್ನೂ ನೋಡಿರಿ ಅಂತ ಕೇಳಿರಿ.

ಅದಕ್ಕೆ ಕ್ರಿಯಾಟಿನಿನ್ ಪರೀಕ್ಷೆ ಬೇಕು. ಕ್ರಿಯಾಟಿನಿನ್ ಅಂದರೆ ನಮ್ಮ ಸ್ನಾಯುಗಳಲ್ಲಿ ದಿನಾ ಹುಟ್ಟುವ ಕಸ. ಕಿಡ್ನಿ ಅದನ್ನು ಸೋಸಿ ಹೊರಹಾಕುತ್ತದೆ. ಕಿಡ್ನಿಯ ಶಕ್ತಿ ಸುಮಾರು ಅರ್ಧ ಕುಂದುವವರೆಗೂ ಈ ಅಂಕಿ ಸರಿಯಿದ್ದಂತೆಯೇ ಕಾಣಬಹುದು. ಆದ್ದರಿಂದ ಒಂದು ರಿಪೋರ್ಟ್ ಸಾಲದು. ಸಂಘದ ಪಾಸ್‌ಬುಕ್ಕಿನಲ್ಲಿ ಒಂದೇ ಸಾಲು ನೋಡಿದರೆ ಹಣ ಏರಿತೋ ಇಳಿಯಿತೋ ತಿಳಿಯುತ್ತದೆಯೇ? ಮೊದಲು 0.7 ಇದ್ದದ್ದು ಎರಡು ದಿನದಲ್ಲಿ 1.0 ಆದರೆ, ರಿಪೋರ್ಟ್‌ನಲ್ಲಿ ನಾರ್ಮಲ್ ಅಂತ ಇದ್ದರೂ ಕಿಡ್ನಿಗೆ ಪೆಟ್ಟು ಬಿದ್ದಿದೆ ಎಂದೇ ಅರ್ಥ. ಹಳೆಯ ರಿಪೋರ್ಟ್ ಎಸೆಯದೆ ಕೈಯಲ್ಲಿ ಹಿಡಿದುಕೊಂಡೇ ಹೋಗಿರಿ.

ಇನ್ನೆರಡು ಮಾತು. ಇಲಿ ಜ್ವರದ ಪರೀಕ್ಷೆ ಮೊದಲ ದಿನಗಳಲ್ಲಿ "ಇಲ್ಲ" ಅಂತ ತೋರಿಸಬಹುದು. ಅದಕ್ಕೇ "ಗದ್ದೆಯಲ್ಲಿ ಕೆಲಸ ಮಾಡೇನ್ರಿ" ಎಂದು ನೀವೇ ಡಾಕ್ಟರ್‌ಗೆ ಹೇಳಬೇಕು. ಹೇಳಿದರೆ ಅವರು ರಿಪೋರ್ಟಿಗೆ ಕಾಯದೆ ಔಷಧಿ ಶುರು ಮಾಡಬಹುದು. ಬೇಗ ಶುರುವಾದರೆ ಸಾಮಾನ್ಯ ಆಂಟಿಬಯೋಟಿಕ್ ಮಾತ್ರೆಯಿಂದಲೇ ಗುಣವಾಗುವ ರೋಗ ಇದು. ಎರಡನೆಯದು, ಈ ರೋಗದಲ್ಲಿ ಮೂತ್ರ ಸರಿಯಾಗಿ ಹೋಗುತ್ತಿದ್ದರೂ ಕಿಡ್ನಿ ಕೆಡುವುದುಂಟು. ಅದನ್ನು ನಂಬಿ ಮನೆಯಲ್ಲಿ ಕೂಡಬೇಡಿರಿ.

ಹಾಗಾದರೆ ನಾವು ಮಾಡಬೇಕಾದದ್ದು:

1. ಗದ್ದೆ, ಕೊಟ್ಟಿಗೆ ಕೆಲಸದ ನಂತರ ಜ್ವರ, ಮೀನಖಂಡ ನೋವು, ಕೆಂಪು ಕಣ್ಣು ಬಂದರೆ ತಡಮಾಡದೆ ಸರ್ಕಾರಿ ಆಸ್ಪತ್ರೆಗೆ ಹೋಗುವುದು.
2. ಡಿಕ್ಲೊಫೆನಾಕ್‌ನಂತಹ ನೋವಿನ ಇಂಜೆಕ್ಷನ್, ಮಾತ್ರೆ ಬೇಡ. ಅವು ಪೆಟ್ಟು ತಿಂದ ಕಿಡ್ನಿಗೆ ಇನ್ನೊಂದು ಪೆಟ್ಟು.
3. ಪ್ಲೇಟ್‌ಲೆಟ್, ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ, ಎರಡು ದಿನದೊಳಗೆ ಮತ್ತೊಮ್ಮೆ ಮಾಡಿಸಬೇಕೇ ಎಂದು ಕೇಳುವುದು.
4. ಮೂತ್ರ ಕಡಿಮೆಯಾದರೆ, ಕಣ್ಣು ಹಳದಿಯಾದರೆ, ಉಸಿರು ಕಟ್ಟಿದರೆ 108ಕ್ಕೆ ಕರೆ ಮಾಡುವುದು. ರೇಷನ್ ಕಾರ್ಡ್, ಆಧಾರ್ ಜೊತೆಯಲ್ಲಿರಲಿ.
5. ಕಾಲಿನ ಗಾಯ ಮುಚ್ಚಿಕೊಂಡು ಗದ್ದೆಗೆ ಇಳಿಯುವುದು, ಬಂದ ಮೇಲೆ ಸೋಪಿನಿಂದ ತೊಳೆಯುವುದು.

ಕೊನೆಗೆ ನನ್ನದೊಂದು ಬೇಡಿಕೆ. ರಕ್ತ ಪರೀಕ್ಷೆಗೆ ದುಡ್ಡಿಲ್ಲ, ವಾರದ ಸಭೆ ಇನ್ನೂ ದೂರ ಅಂತ ಯಾರೂ ಕಾಯಬಾರದು. ಮಳೆಗಾಲಕ್ಕೆ ಮುಂಚೆ ಪ್ರತಿ ಸಂಘವೂ ಜ್ವರದ ತುರ್ತಿಗೆ ಸ್ವಲ್ಪ ಹಣ ತೆಗೆದಿಡಲಿ, ಸಭೆ ಕರೆಯದೆ ಕೊಡುವ ಅಧಿಕಾರ ಪ್ರತಿನಿಧಿಗೆ ಇರಲಿ. ಇವತ್ತೇ ಠರಾವು ಬರೆಯೋಣವೇ?