ಅಂದಂದಿನ ವಿದ್ಯೆ



ಕಾಲೇಜಿಗೆ ಹೋಗುವ ಯಲಿಯೂರಿನ ತರುಣ ತರುಣಿಯರು ಕೈಯಾರೆ ಅಣಿಗೊಳಿಸಿದ ಈ ವಸ್ತುಪ್ರದರ್ಶನವನ್ನು ಉದ್ಘಾಟಿಸುವ ಭಾಗ್ಯವನ್ನು ನನಗೆ ಇತ್ತಿದ್ದೀರಿ.

ಕನ್ನಂಬಾಡಿ ಅಣೆಕಟ್ಟೆಯ ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದು ಮಂಡ್ಯದ ಬಯಲನ್ನು ಭತ್ತ ಕಬ್ಬುಗಳ ನೆಲೆವೀಡಾಗಿಸಿದ ಕಥೆಯನ್ನು ಈ ಸೀಮೆಯವರಿಗೆ ಹೇಳಬೇಕಾದುದಿಲ್ಲ. ಆದರೆ ನಾಲೆಗೆ ಹೆಸರಿತ್ತ ಎಂಜಿನಿಯರ್ ವಿಶ್ವೇಶ್ವರಯ್ಯನವರ ವಿದ್ಯಾರ್ಥಿದೆಸೆಯನ್ನು ನಾವು ಸ್ಮರಿಸುವುದು ವಿರಳ. 1861ರಲ್ಲಿ ಮುದ್ದೇನಹಳ್ಳಿಯಲ್ಲಿ ಜನಿಸಿ, ಬಾಲಕರಾಗಿರುವಾಗಲೇ ತಂದೆಯನ್ನು ಕಳೆದುಕೊಂಡ ಅವರು, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುತ್ತ, ಮನೆಪಾಠ ಹೇಳಿ ತಮ್ಮ ವೆಚ್ಚವನ್ನು ತೂಗಿಸಿಕೊಂಡು, 1881ರಲ್ಲಿ ಬಿ.ಎ. ಪದವಿ ಪಡೆದರು; ಬಳಿಕ ವಿದ್ಯಾರ್ಥಿವೇತನದ ನೆರವಿನಿಂದ ಪುಣೆಗೆ ತೆರಳಿ, 1883ರ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಮುಂಬಯಿ ಪ್ರಾಂತ್ಯಕ್ಕೇ ಪ್ರಥಮರಾದರು. ಇದನ್ನು ಪ್ರತಿಭೆಯ ಪವಾಡವೆಂದು ಬಗೆದು ಕೈಮುಗಿದು ಸುಮ್ಮನಾಗುವುದು ಸುಲಭ. ನಾನು ಅದನ್ನು ಒಪ್ಪಲಾರೆ. ಅನ್ಯರ ಮಕ್ಕಳಿಗೆ ಕಲಿಸಲು ಹೊತ್ತನ್ನು ತೆರಬೇಕಾದವನಿಗೆ ಸ್ವಂತ ಓದಿಗೆ ಉಳಿಯುವುದು ಅಳೆದ ವೇಳೆ. ಅದನ್ನು ದಿನವೂ ತಪ್ಪದೆ ದುಡಿಸಿಕೊಳ್ಳುವ ನಿಯಮವಿಲ್ಲದೆ ಎಂತಹ ಪ್ರತಿಭೆಯೂ ಫಲಿಸದು.

ವಿದ್ಯಾರ್ಥಿಗಳೇ, ಮುಂಜಾನೆಯ ರೈಲಿಗೋ ಬಸ್ಸಿಗೋ ಓಡಿ, ಮಂಡ್ಯ ಮೈಸೂರುಗಳಲ್ಲಿ ಪಾಠ ಕೇಳಿ, ಸಂಜೆ ಮರಳಿ ದನಕರುಗಳ ಕೆಲಸಕ್ಕೂ ಒದಗುವ ನಿಮಗೂ ಇರುವುದು ಅಳೆದ ವೇಳೆಯೇ. ನಾಲೆಯಲ್ಲಿ ಸರದಿಯಂತೆ ಬಿಡುವ ಕಟ್ಟುನೀರು ಬಂದಾಗ ಗದ್ದೆಗೆ ಹಾಯಿಸಿಕೊಳ್ಳದವನು ಮುಂದಿನ ಕಟ್ಟಿನ ತನಕ ಕಾಯಬೇಕೆಂಬುದನ್ನು ಬಲ್ಲ ನೀವು, ಅಂದಿನ ಪಾಠವನ್ನು ಅಂದೇ ಓದದೆ ಪರೀಕ್ಷೆಯ ಹಿಂದಿನ ರಾತ್ರಿಗೆ ಏಕೆ ಉಳಿಸುವಿರಿ?

ಇದಕ್ಕಿಂತಲೂ ನನ್ನನ್ನು ಹೆಚ್ಚು ಬಾಧಿಸುವ ಸಂಗತಿ ಇನ್ನೊಂದುಂಟು. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಚುರುಕಾಗಿ ಉತ್ತರಿಸುತ್ತಿದ್ದ ಹುಡುಗಿ, ಕಾಲೇಜಿನಲ್ಲಿ ಇಂಗ್ಲಿಷಿನ ಉಪನ್ಯಾಸವನ್ನು ಕೇಳಿದೊಡನೆ ಹಿಂದಿನ ಬೆಂಚಿಗೆ ಸರಿದು, ತಿಳಿಯದುದನ್ನು ತಿಳಿಯದೆಂದು ಹೇಳಲು ನಾಚಿ, ಮೂರು ವರ್ಷ ಮೌನವಾಗಿ ಕುಳಿತು ಹೊರಬರುತ್ತಾಳೆ. ಅವಳಿಗೆ ಬುದ್ಧಿಯ ಕೊರತೆಯಿಲ್ಲ, ನಗುವವರ ಭಯವಿದೆ. ಕನ್ನಡದಲ್ಲಿಯೇ ಆಗಲಿ, ಅರೆಬರೆ ಇಂಗ್ಲಿಷಿನಲ್ಲಿಯೇ ಆಗಲಿ, ಸಂದೇಹವನ್ನು ಅಂದೇ ಕೇಳಿಬಿಡುವ ಧೈರ್ಯವನ್ನು ಅಭ್ಯಾಸ ಮಾಡಿಕೊಂಡ ವಿದ್ಯಾರ್ಥಿ ಭಾಷೆಯನ್ನೂ ಕ್ರಮೇಣ ಗೆದ್ದುಕೊಳ್ಳುತ್ತಾನೆ. ಮೌನಿಗೆ ವಿಷಯ, ಭಾಷೆ ಎರಡೂ ದಕ್ಕುವುದಿಲ್ಲ. ಅಧ್ಯಾಪಕ ಮಿತ್ರರೇ, ಅಂತಹ ಪ್ರಶ್ನೆ ಬಂದಾಗ ತರಗತಿಯಲ್ಲಿ ನಗೆಯೇಳದಂತೆ ನೋಡಿಕೊಳ್ಳುವ ಹೊಣೆ ನಿಮ್ಮದು.

ನಿದ್ರೆ, ವ್ಯಾಯಾಮ, ಮಿತವ್ಯಯಗಳ ವಿಷಯ ನಿಮ್ಮ ಮನೆಯ ಹಿರಿಯರೇ ಬಲ್ಲರು. ಕೈಯಲ್ಲಿನ ಮೊಬೈಲನ್ನು ಓದಿನ ಹೊತ್ತಿನಲ್ಲಿ ದೂರವಿಡಿ ಎಂಬುದಷ್ಟೇ ನನ್ನ ಸೇರ್ಪಡೆ.

ಊರಿನ ಮಹಾಜನಗಳಲ್ಲಿ ನನ್ನ ಬಿನ್ನಹವಿದು: ಪ್ರದರ್ಶನದ ಪ್ರತಿಯೊಂದು ಮಾದರಿಯ ಮುಂದೆಯೂ ನಿಂತು, ಇದು ಹೇಗೆ ನಡೆಯುತ್ತದೆ, ಇದರಿಂದ ನಮಗೇನು ಪ್ರಯೋಜನ ಎಂದು ಸಂಕೋಚವಿಲ್ಲದೆ ಕೇಳಿರಿ. ವಿದ್ಯಾರ್ಥಿಗಳೇ, ಬಲ್ಲುದನ್ನು ತಿಳಿಗನ್ನಡದಲ್ಲಿ ವಿವರಿಸಿ; ಅರಿಯದುದನ್ನು ಅರಿಯೆವೆಂದು ಒಪ್ಪಿ, ಬರೆದಿಟ್ಟುಕೊಂಡು, ನಾಳೆಯೇ ಗುರುಗಳನ್ನು ಕೇಳಿ. ಈ ಪ್ರದರ್ಶನವನ್ನು ಸಂತೋಷದಿಂದ ಉದ್ಘಾಟಿಸಿದ್ದೇನೆ. ಎಲ್ಲರೂ ಒಳಗೆ ದಯಮಾಡಿಸಬೇಕು.