ತಲೆಯ ಮೇಲಿನ ಇಳಿಜಾರು

ಊರಿಗೆ ಫೋನ್ ಮಾಡಿದಾಗ ‘ಒಂದ್ನಿಮಿಷ ಇರಿ, ವಿಮಾನ ಹೋಗ್ಲಿ’ ಎನ್ನುವುದು ಖಡಕಿಯಲ್ಲಿರುವ ನಮಗೆಲ್ಲ ಅಭ್ಯಾಸ. ಆ ವಿಮಾನ ಬರುವ ದಾರಿಯ ಬಗ್ಗೆ ಇವತ್ತು ನಾಲ್ಕು ಮಾತು.

ಲೋಹಗಾಂವ್ ಮೂಲತಃ ವಾಯುಪಡೆಯ ನೆಲೆ. ಯುದ್ಧವಿಮಾನಕ್ಕೂ ಪ್ರಯಾಣಿಕರ ವಿಮಾನಕ್ಕೂ ಇರುವುದು ಒಂದೇ ರನ್‌ವೇ, ಉದ್ದ ಸುಮಾರು ಎರಡೂವರೆ ಕಿಲೋಮೀಟರ್. 2024ರಲ್ಲಿ ಹೊಸ ಟರ್ಮಿನಲ್ ತೆರೆಯಿತು, ರನ್‌ವೇ ಮಾತ್ರ ಹಳೆಯದೇ. ಪಶ್ಚಿಮದಿಂದ ಇಳಿಯುವ ವಿಮಾನಗಳು ನಮ್ಮ ಖಡಕಿ, ದಾಪೋಡಿ ಕಡೆಯಿಂದಲೇ ಬರುತ್ತವೆ.

ಉಪಕರಣಗಳ ನೆರವಿನಲ್ಲಿ ಇಳಿಯುವ ದಾರಿ ಸಾಮಾನ್ಯವಾಗಿ ಮೂರು ಡಿಗ್ರಿ ಇಳಿಜಾರು. ರನ್‌ವೇ ಇನ್ನೂ ಒಂದು ಕಿಲೋಮೀಟರ್ ಇದೆ ಎನ್ನುವಾಗ ವಿಮಾನದ ಎತ್ತರ ಸುಮಾರು 67 ಮೀಟರ್, ಅಂದರೆ ಇಪ್ಪತ್ತು ಅಂತಸ್ತಿನ ಕಟ್ಟಡದಷ್ಟು. ಮಳೆ, ಮಂಜಿನಲ್ಲಿ ಸಾಧಾರಣ ಐಎಲ್‌ಎಸ್ ವ್ಯವಸ್ಥೆ ಪೈಲಟ್‌ನನ್ನು 200 ಅಡಿಯವರೆಗೆ ತರುತ್ತದೆ. ಅಲ್ಲಿಗೂ ದೀಪ ಕಾಣದಿದ್ದರೆ ಮತ್ತೆ ಮೇಲೇರಬೇಕು. ಆ ಮೇಲೇರುವ ದಾರಿಯೂ ಖಾಲಿ ಇರಬೇಕು.

ನಮ್ಮ ಮಂಗಳೂರನ್ನು ನೆನೆಯದೆ ಈ ಮಾತು ಮುಗಿಯದು. 2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ವಿಮಾನದಲ್ಲಿ 158 ಜನ ತೀರಿಕೊಂಡರು, ಉಳಿದವರು ಎಂಟೇ ಮಂದಿ. ಹವೆ ಚೆನ್ನಾಗಿತ್ತು, ಐಎಲ್‌ಎಸ್ ಕೂಡ ಇತ್ತು. ರಾಡಾರ್ ಮಾತ್ರ ಎರಡು ದಿನದಿಂದ ಕೆಟ್ಟಿತ್ತು. ವಿಮಾನ ಇರಬೇಕಾದ್ದಕ್ಕಿಂತ ಸುಮಾರು ಎರಡು ಪಟ್ಟು ಎತ್ತರದಲ್ಲಿ ಬಂತು. ಸಹ ಪೈಲಟ್ ಮೂರು ಸಲ ಹೇಳಿದರೂ ಮೇಲೇರಲಿಲ್ಲ. ರನ್‌ವೇ ಮುಗಿದಲ್ಲಿ ಕಣಿವೆ. ಅಲ್ಲಿ ತಪ್ಪಿಗೆ ಜಾಗ ಇಲ್ಲದಂತೆ ಮಾಡಿದ್ದು ಗುಡ್ಡ. ಇಲ್ಲಿ ಆ ಕೆಲಸವನ್ನು ನಾವೇ ಇಟ್ಟಿಗೆ ಸಿಮೆಂಟಿನಲ್ಲಿ ಮಾಡಬಾರದಷ್ಟೆ.

ವಿಶ್ರಾಂತವಾಡಿ, ಧಾನೋರಿ ಕಡೆ ಫ್ಲ್ಯಾಟ್ ನೋಡುತ್ತಿರುವವರು ನಮ್ಮಲ್ಲಿ ಬಹಳ ಮಂದಿ. ಬಿಲ್ಡರ್ ತೋರಿಸುವ ಎತ್ತರದ ಎನ್‌ಒಸಿಯಲ್ಲಿ 637 ಮೀಟರ್ ಎಂದಿದ್ದರೆ ಬೆರಗಾಗಬೇಡಿ, ಅದು ಸಮುದ್ರಮಟ್ಟದಿಂದ ಲೆಕ್ಕ. ಲೋಹಗಾಂವ್ ನಿಲ್ದಾಣವೇ 592 ಮೀಟರ್ ಎತ್ತರದಲ್ಲಿದೆ. ನಿವೇಶನದ ನೆಲ 580 ಮೀಟರ್ ಆದರೆ ಕಟ್ಟಲು ಸಿಗುವುದು 57 ಮೀಟರ್ ಮಾತ್ರ. ನೀರಿನ ಟ್ಯಾಂಕು, ಲಿಫ್ಟ್ ಕೋಣೆ, ಆಂಟೆನಾ ಎಲ್ಲ ಅದರೊಳಗೇ ಬರಬೇಕು. ‘ಮೇಲಿನ ಎರಡು ಅಂತಸ್ತಿಗೆ ಒಪ್ಪಿಗೆ ಆಮೇಲೆ ಬರುತ್ತೆ’ ಎಂದರೆ ಮುಂಗಡ ಕೊಡದೆ ಎದ್ದು ಬನ್ನಿ.

ಇನ್ನು ಕಸ. ನಿಲ್ದಾಣದ ಸುತ್ತ ಹತ್ತು ಕಿಲೋಮೀಟರ್ ಒಳಗೆ ಹಕ್ಕಿಗಳನ್ನು ಸೆಳೆಯುವಂತೆ ಕಸ ಸುರಿಯುವುದಕ್ಕೆ ಮೊದಲಿನಿಂದಲೂ ನಿಷೇಧವಿದೆ. ಖಡಕಿ ಆ ಹತ್ತರೊಳಗೇ ಬರುತ್ತದೆ. ಹದ್ದುಗಳಿಗೆ ನಮ್ಮ ಮಾಂಸದಂಗಡಿಗಳ ಹಿಂಭಾಗ ಎಲ್ಲಿದೆ ಎಂದು ನಮಗಿಂತ ಚೆನ್ನಾಗಿ ಗೊತ್ತು.